ಯಯಾತಿ ಮೇಲೆ ಸಿಟ್ಟು ಬಂದರೆ ಪುಸ್ತಕ ಬಿಡಬೇಕಾ?

ಖಾಂಡೇಕರರ ‘ಯಯಾತಿ’ ಕಾದಂಬರಿ ಅರ್ಧ ಓದಿ, ಇಂಥ ಸ್ವಾರ್ಥಿಯ ಕಥೆ ಮುಗಿಸಬೇಕಾ ಅಂತ ಕೇಳಿದ್ದೀರಿ. ಮುಗಿಸಿರಿ. ಬೆಳಗಾವಿಯ ಟಿಳಕವಾಡಿಯಲ್ಲಿ ರೂಮ್ ಮಾಡಿಕೊಂಡಿದ್ದಾಗ ನಾನೂ ಅದನ್ನು ಎರಡು ಸಲ ಮುಚ್ಚಿಟ್ಟಿದ್ದೆ. ಮಗನ ಹರೆಯ ಬೇಡುವ ಅಪ್ಪನನ್ನು ಯಾರು ಮೆಚ್ಚುತ್ತಾರೆ ಹೇಳಿ!

ಆದರೆ ಇಲ್ಲಿ ಅವನೊಬ್ಬನೇ ಮಾತಾಡುವುದಿಲ್ಲ. ಅವನ ಹೆಂಡತಿ ದೇವಯಾನಿ, ಅವಳ ದಾಸಿಯಾಗಿ ಬಂದ ಶರ್ಮಿಷ್ಠೆ ಕೂಡ ‘ನಾನು’ ಅಂತಲೇ ತಮ್ಮ ಕಥೆ ಹೇಳುತ್ತಾರೆ. ಶರ್ಮಿಷ್ಠೆಯ ಭಾಗ ನಿಧಾನವಾಗಿ ಓದಿ. ಇವನ ಸುಖಕ್ಕೆ ಕೂಸು ಎತ್ತಿಕೊಂಡು ಅಲೆದವಳು ಅವಳು. ಅದನ್ನು ಓದಿದ ಮೇಲೆ ಯಯಾತಿಯ ಗೋಳು ಬೇರೆಯೇ ಕೇಳಿಸುತ್ತದೆ. ವರ್ಣನೆ ಮಾತ್ರ ಜಾಸ್ತಿ, 1959ರ ಮರಾಠಿ ಕಾದಂಬರಿ ಅಲ್ವಾ, ಅಲ್ಲಲ್ಲಿ ಸುಮ್ನೆ ದಾಟಿ.

ಆಮೇಲೆ ಇದೇ ಕಥೆಯ ಮೇಲಿನ ಕಾರ್ನಾಡರ 1961ರ ನಾಟಕ ‘ಯಯಾತಿ’ ಹಿಡಿಯಿರಿ. ಅಲ್ಲಿ ಹರೆಯ ಕೊಟ್ಟ ಮಗ ಪುರುವಿನ ಹೆಂಡತಿ ಚಿತ್ರಲೇಖೆ ಮಾವನನ್ನೇ ನಿಲ್ಲಿಸಿ ಕೇಳುತ್ತಾಳೆ.