ಮಿಯಾಟಾದಲ್ಲಿ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ, ರಿವರ್ಸ್ ಗೇರೂ ಬೀಳುತ್ತಿಲ್ಲ. ಕ್ಲಚ್ ಹೋಯಿತಾ?

ನಿಮ್ಮದು 2001ರ ಮಾಜ್ದಾ ಮಿಯಾಟಾ, 1.8 ಎಂಜಿನ್, 5 ಗೇರ್. 4ನೇ ಗೇರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಆರ್‌ಪಿಎಂ ಮಾತ್ರ ಏರುತ್ತದೆ, ಕೆಲವೊಮ್ಮೆ ರಿವರ್ಸ್ ಕರಕರ ಅನ್ನುತ್ತದೆ ಎಂದಿದ್ದೀರಿ. ಇವೆರಡೂ ಒಂದೇ ತೊಂದರೆ ಅಲ್ಲ, ಒಂದಕ್ಕೊಂದು ಉಲ್ಟಾ. ಮೊದಲನೆಯದರಲ್ಲಿ ಕ್ಲಚ್ ಗಟ್ಟಿಯಾಗಿ ಹಿಡಿಯುತ್ತಿಲ್ಲ. ಎರಡನೆಯದರಲ್ಲಿ ಪೂರ್ತಿ ಬಿಡುತ್ತಿಲ್ಲ. ಬರೀ ಹೊಸ ಕ್ಲಚ್ ಪ್ಲೇಟ್ ಹಾಕಿದರೆ ಎರಡೂ ಸರಿಹೋಗುತ್ತವೆ ಎಂದು ನಂಬಿ ಗೇರ್‌ಬಾಕ್ಸ್ ಇಳಿಸಬೇಡಿ.

ಮೊದಲು ರಿವರ್ಸ್ ವಿಷಯ. ಎಂಜಿನ್ ಆಫ್ ಮಾಡಿ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಹಟ ಮಾಡಿದರೆ ಕ್ಲಚ್ ಬಿಡುತ್ತಿಲ್ಲ ಎಂದರ್ಥ. ಕ್ಲಚ್ ಪೆಡಲನ್ನು ಬೇಗ ಬೇಗ ನಾಲ್ಕೈದು ಸಲ ಒತ್ತಿದ ಮೇಲೆ ಗೇರ್ ಬಿದ್ದರೆ ಅನುಮಾನ ಹೈಡ್ರಾಲಿಕ್ (ಪೆಡಲಿನ ಒತ್ತಡವನ್ನು ಫ್ಲೂಯಿಡ್ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ವ್ಯವಸ್ಥೆ) ಮೇಲೆ. ಈ ಕಾರಿನಲ್ಲಿ ಕ್ಲಚ್ ಫ್ಲೂಯಿಡ್‌ಗೆ ಬೇರೆಯೇ ಪುಟ್ಟ ಡಬ್ಬಿ ಇದೆ, ಮಟ್ಟ ಇಳಿದಿದೆಯಾ ನೋಡಿ. ಆಮೇಲೆ ಕೆಳಗಿನಿಂದ ಸ್ಲೇವ್ ಸಿಲಿಂಡರಿನ (ಆ ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಪುಟ್ಟ ಸಿಲಿಂಡರ್) ರಬ್ಬರ್ ಬೂಟ್ ಸ್ವಲ್ಪ ಎತ್ತಿ. ಒಳಗೆ ಒದ್ದೆ ಇದ್ದರೆ ಅದು ಸೋರುತ್ತಿದೆ. ಮಿಯಾಟಾದಲ್ಲಿ ಈ ಸ್ಲೇವ್ ಸೋರುವುದು ತೀರಾ ಮಾಮೂಲು. ಅದು ಗೇರ್‌ಬಾಕ್ಸಿನ ಹೊರಗೇ ಇರುವುದರಿಂದ ಎರಡು ಬೋಲ್ಟ್, ಒಂದು ಪೈಪ್ ಬಿಚ್ಚಿದರೆ ಬದಲಿಸಬಹುದು. ಆಮೇಲೆ ಪೈಪಿನೊಳಗೆ ಸೇರಿದ ಏರ್ ತೆಗೆಯುವಾಗ ಪೆಡಲ್ ಒತ್ತಲು ಇನ್ನೊಬ್ಬರಿದ್ದರೆ ಒಳ್ಳೆಯದು.

ಇನ್ನು ಸ್ಲಿಪ್, ಅಂದರೆ ಕ್ಲಚ್ ಹಿಡಿಯದೆ ಜಾರುವುದು. ಖಾಲಿ ರಸ್ತೆಯಲ್ಲಿ 4ನೇ ಗೇರಿನಲ್ಲಿ 3000 ಆರ್‌ಪಿಎಂ ಹತ್ತಿರ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಮುಳ್ಳು ತಟ್ಟನೆ ನೆಗೆದು ಕಾರು ಅಲ್ಲೇ ಉಳಿದರೆ ಸ್ಲಿಪ್ ಖಚಿತ. ಒಂದು ಸಲ ಸಾಕು. ಸುಮ್ನೆ ಮತ್ತೆ ಮತ್ತೆ ಮಾಡಿದರೆ ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ, ಎಂಜಿನ್ ಕಡೆಯ ಚಕ್ರ) ಕಾದು ಹಾಳಾಗುತ್ತದೆ. ಸ್ಲಿಪ್ ಇದ್ದರೆ ಗೇರ್‌ಬಾಕ್ಸ್ ಸಾಮಾನ್ಯವಾಗಿ ಇಳಿಸಬೇಕಾಗುತ್ತದೆ.

ನಾನು ಈ ಕೆಲಸವನ್ನು ನೆಲದ ಮೇಲೆ, ಜ್ಯಾಕ್ ಸ್ಟ್ಯಾಂಡ್ ಇಟ್ಟೇ ಮಾಡಿದ್ದೇನೆ. ಮನೆಯಲ್ಲಿ ಆಗುವಂಥದ್ದೇ. ಆದರೆ ಗೇರ್‌ಬಾಕ್ಸ್ 30 ಕೆಜಿಗೂ ಜಾಸ್ತಿ ತೂಗುತ್ತದೆ, ಅದನ್ನು ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಖಂಡಿತ ಬೇಡ. ಗೇರ್‌ಬಾಕ್ಸ್ ಜ್ಯಾಕ್ ಬಾಡಿಗೆಗೆ ತನ್ನಿ. ಬ್ಯಾಟರಿ ಕಳಚಿ, ಪ್ರೊಪೆಲರ್ ಶಾಫ್ಟ್ ತೆಗೆಯಿರಿ. ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಹೋಗುವ ಉದ್ದನೆಯ ಅಲ್ಯೂಮಿನಿಯಂ ಫ್ರೇಮನ್ನೂ ಬಿಚ್ಚಬೇಕು. ತಲೆನೋವು ಕೊಡುವುದು ಎಂಜಿನ್ನಿಗೆ ಸೇರುವ ಮುಂಭಾಗದ ಕವಚ, ಅಂದರೆ ಬೆಲ್‌ಹೌಸಿಂಗಿನ ಮೇಲಿನ ಬೋಲ್ಟ್‌ಗಳು. ಗೇರ್‌ಬಾಕ್ಸಿನ ಹಿಂಭಾಗ ಸ್ವಲ್ಪ ಇಳಿಸಿ, ಎಕ್ಸ್‌ಟೆನ್ಷನ್‌ಗಳನ್ನು ಜೋಡಿಸಿ ಹಿಂದಿನಿಂದ ತೂರಿಸಿದರೆ ಸಿಗುತ್ತವೆ.

ಅಷ್ಟು ಕಷ್ಟಪಟ್ಟು ಇಳಿಸಿದ ಮೇಲೆ ಬರೀ ಪ್ಲೇಟ್ ಬದಲಿಸಿ ಮುಚ್ಚಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಎಲ್ಲ ಹೊಸದು ಹಾಕಿ. ಕಿಟ್ ತರಿಸುವಾಗ ಅಳತೆ ನೋಡಿ: 1.8ಕ್ಕೆ 215 ಮಿ.ಮೀ., 1.6ಕ್ಕೆ 200 ಮಿ.ಮೀ. ಹಳೆ ಪ್ಲೇಟಿನ ಮೇಲೆ ಎಣ್ಣೆ ಕಂಡರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಈಗಲೇ ಬದಲಿಸಿ, ಇಲ್ಲದಿದ್ದರೆ ಹೊಸ ಪ್ಲೇಟೂ ಜಾರುತ್ತದೆ. ಫ್ಲೈವೀಲ್ ಮೇಲೆ ನೀಲಿ ಕಲೆ, ಸಣ್ಣ ಬಿರುಕು ಇದ್ದರೆ ಮೆಷಿನ್ ಶಾಪಿಗೆ ಕೊಡಿ.

ಜೋಡಿಸುವಾಗ ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆಗೆ ಎಂದು ನೋಡಿಕೊಳ್ಳಿ. ನಡುವೆ ಅಲೈನ್‌ಮೆಂಟ್ ಟೂಲ್ ಇಟ್ಟು, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಕೊನೆಗೆ ಟಾರ್ಕ್ ರೆಂಚ್. ಸ್ಪ್ಲೈನಿಗೆ (ಪ್ಲೇಟ್ ಕೂರುವ ಶಾಫ್ಟಿನ ಗೀರುಗಳಿಗೆ) ಗ್ರೀಸ್ ತೆಳ್ಳಗೆ ಸವರಿದರೆ ಸಾಕು, ಹೆಚ್ಚಾದದ್ದು ಹಾರಿ ಪ್ಲೇಟಿಗೆ ಅಂಟುತ್ತದೆ. ಗೇರ್‌ಬಾಕ್ಸನ್ನು ಪ್ಲೇಟಿನ ಮೇಲೆ ತೂಗಾಡಲು ಬಿಡಬೇಡಿ. ಸೇರದಿದ್ದರೆ ಬೋಲ್ಟ್ ತಿರುಗಿಸಿ ಎಳೆಯಬೇಡಿ, ಹಿಂದೆ ತಂದು ಮತ್ತೆ ನೇರ ಮಾಡಿ.

ಮೊದಲ 500–800 ಕಿ.ಮೀ. ಮೆತ್ತಗೆ ಓಡಿಸಿ. ಪ್ಲೇಟೂ ಫ್ಲೈವೀಲೂ ಹೊಂದಿಕೊಳ್ಳುವವರೆಗೆ ರೇಸ್ ಟ್ರ್ಯಾಕ್ ಬೇಡ.