ಓದುಗರ ಪ್ರಶ್ನೆ: ಕೆಜಿಎಫ್ ಕಂಡವರಿಗೆ ಸಾಡೊ ಗಣಿ

ಪ್ರಶ್ನೆ: ಮಗ ಟೋಕಿಯೊದಲ್ಲಿದ್ದಾನೆ. ಮೇ ತಿಂಗಳಲ್ಲಿ ಹೋಗುತ್ತಿದ್ದೇವೆ. ಕ್ಯೋಟೊ, ಫುಜಿ ಪರ್ವತ ಅವನೇ ತೋರಿಸುತ್ತಾನಂತೆ. ನಮ್ಮ ಯಜಮಾನರು ಕೆಜಿಎಫ್ ಗಣಿ ಮುಚ್ಚುವ ತನಕ ಅಲ್ಲೇ ದುಡಿದವರು. ದೇವಸ್ಥಾನಕ್ಕಿಂತ ಜನ ಕೆಲಸ ಮಾಡುವ ಊರು ನೋಡೋಣ ಅನ್ನುತ್ತಾರೆ. ನಾಲ್ಕು ದಿನ ಬಿಡುವಿದೆ. ನಾವು ಸಸ್ಯಾಹಾರಿಗಳು. ಎಲ್ಲಿಗೆ ಹೋಗಬಹುದು?
– ಕೋಲಾರದ ಓದುಗರು

ಉತ್ತರ: ನಮಸ್ಕಾರ ಅಮ್ಮಾ. ಜಪಾನ್ ಸಮುದ್ರದ ದಂಡೆಯ ನೀಗಾಟಾಗೆ ಹೋಗಿ. ನಾನು ಆ ಸೀಮೆಯಲ್ಲಿ ಎರಡು ವರ್ಷ ಇದ್ದೆ, ಹಾಗಾಗಿ ಸ್ವಲ್ಪ ಪಕ್ಷಪಾತವೂ ಇದೆ ಅನ್ನಿ. ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ಸುಮಾರು ಎರಡು ಗಂಟೆ. ರೈಲಿನ ಹೆಸರು 'ಟೋಕಿ'. ಅದೊಂದು ಹಕ್ಕಿ, ಅದರ ಕಥೆ ಆಮೇಲೆ.

ಚಳಿಗಾಲದಲ್ಲಿ ಸೈಬೀರಿಯಾದ ಗಾಳಿ ಜಪಾನ್ ಸಮುದ್ರದ ತೇವ ಹೊತ್ತು ತಂದು ಇಲ್ಲಿನ ಬೆಟ್ಟಕ್ಕೆ ಬಡಿಯುತ್ತದೆ. ನಮ್ಮ ಘಟ್ಟಕ್ಕೆ ಮುಂಗಾರು ಬಡಿದ ಹಾಗೆ, ಆದರೆ ಬೀಳುವುದು ಹಿಮ. ಆಳೆತ್ತರ ಹಿಮ ಬಿದ್ದರೆ ಹೊಲದ ಕೆಲಸ ಎಲ್ಲಿ ಬಂತು? ಒಜಿಯಾ, ಟೊಕಾಮಾಚಿ ಕಡೆಯ ಜನ ಮನೆಯೊಳಗೆ ಕೂತು ಬಟ್ಟೆ ನೇಯ್ದರು. ನಮ್ಮ ನೇಕಾರರು ನೂಲಿಗೆ ಗಂಜಿ ಹಾಕುತ್ತಾರಲ್ವಾ, ಅವರು 'ಫುನೋರಿ' ಅನ್ನುವ ಕಡಲ ಪಾಚಿ ಬೇಯಿಸಿ ಹಾಕುತ್ತಿದ್ದರು. ಅದೇ ಪಾಚಿಯನ್ನು 'ಸೋಬಾ' ಅನ್ನುವ ಶ್ಯಾವಿಗೆಯ ಹಿಟ್ಟಿಗೂ ಕಲಸಿದರು. ಶ್ಯಾವಿಗೆ ಜಾರುವ ಹಾಗೆ, ಹಲ್ಲಿಗೆ ಗಟ್ಟಿಯಾಗಿ ಬಂತು. ಇವತ್ತಿಗೂ 'ಹೆಗಿ ಸೋಬಾ'ವನ್ನು ಮರದ ತಟ್ಟೆಯಲ್ಲಿ ನೂಲಿನ ಲಡಿಯಂತೆ ಸುತ್ತಿ ಸುತ್ತಿ ಇಟ್ಟು ಕೊಡುತ್ತಾರೆ. ಜೊತೆಗೆ ಕೊಡುವ ಸಾರು ಮಾತ್ರ ಮುಟ್ಟಬೇಡಿ. ಅದು 'ದಾಶಿ', ಒಣಮೀನು ಹಾಕಿ ಕುದಿಸಿದ ರಸದಿಂದ ಮಾಡಿದ್ದು. 'ಮಾಂಸ ಬೇಡ' ಅಂದರೆ ಸಾಕು ಅಂದುಕೊಂಡು ನಾನು ಮೊದಲ ದಿನ ಅರ್ಧ ಬಟ್ಟಲು ಮುಗಿಸಿಬಿಟ್ಟಿದ್ದೆ! ಮಗನಿಂದ 'ದಾಶಿ ಬೇಡ' ಅಂತ ಜಪಾನಿಯಲ್ಲಿ ಚೀಟಿ ಬರೆಸಿಕೊಳ್ಳಿ. ಸೋಬಾಕ್ಕೆ ಉಪ್ಪು ಸಾಕು. ನಿಮ್ಮ ಉಪ್ಪಿನಕಾಯಿ ಇದ್ದರಂತೂ ಸೈ.

ಸಿಹಿಗೆ 'ಸಾಸಾ ದಾಂಗೊ'. ಅಂಟಕ್ಕಿ ಹಿಟ್ಟಿಗೆ ಒಂದು ಘಮ್ಮೆನ್ನುವ ಸೊಪ್ಪು ಕಲಸಿ, ಒಳಗೆ ಕೆಂಪು ಕಾಳಿನ ಹೂರಣ ಇಟ್ಟು, ಬಿದಿರಿನ ಜಾತಿಯ ಎಲೆ ಸುತ್ತಿ ಬೇಯಿಸಿದ್ದು. ಕಡುಬಿನ ಅಕ್ಕನೋ ತಂಗಿಯೋ ಇರಬೇಕು.

ಒಂದು ದಿನ ತ್ಸುಬಾಮೆ-ಸಾಂಜೊ ಅನ್ನುವ ಅವಳಿ ಊರಿಗೆ ಕೊಡಿ. ಜಪಾನಿನ ಅತಿ ಉದ್ದದ ನದಿ ಶಿನಾನೊ ಇಲ್ಲಿ ಪದೇ ಪದೇ ಗದ್ದೆ ಮುಳುಗಿಸುತ್ತಿತ್ತು. ಹೊಟ್ಟೆಪಾಡಿಗೆ ರೈತರು ಸುಮಾರು 400 ವರ್ಷದ ಹಿಂದೆ ಮೊಳೆ ಬಡಿಯಲು ಕೂತರು. ವಿದೇಶಿ ಮೊಳೆ ಬಂದು ಆ ಕಸುಬು ಕೆಟ್ಟಾಗ ಚಮಚ, ಫೋರ್ಕಿಗೆ ಹೊರಳಿದರು. 1991ರಲ್ಲಿ ನೊಬೆಲ್ ಔತಣದ ಮೇಜಿಗೆ ಹೋದದ್ದೂ ಇಲ್ಲಿನ ಚಮಚವೇ. ಈ ಊರಿನ ರಾಮೆನ್, ಅಂದರೆ ಸಾರಿನ ಶ್ಯಾವಿಗೆ, ಅದರ ಮೇಲೆ ಹಂದಿ ಕೊಬ್ಬಿನ ಪದರ ತೇಲುತ್ತದೆ. ರಾತ್ರಿ ಪಾಳಿಯ ಕಾರ್ಖಾನೆಗೆ ತಲುಪುವಷ್ಟರಲ್ಲಿ ಸಾರು ಆರಬಾರದು ಅಂತ ಮಾಡಿದ ಉಪಾಯ. ನಿಮಗೆ ಬೇಡ, ಸುಮ್ನೆ ಕಥೆಗೆ ಹೇಳಿದೆ.

ಉಳಿದ ದಿನ ಸಾಡೊ ದ್ವೀಪಕ್ಕೆ. ನೀಗಾಟಾ ಬಂದರಿನಿಂದ ದೊಡ್ಡ ಹಡಗಿನಲ್ಲಿ ಎರಡೂವರೆ ಗಂಟೆ. ಯಜಮಾನರಿಗೆ ಇದೇ ಮುಖ್ಯ. ಐಕಾವಾದಲ್ಲಿ 1601ರಲ್ಲಿ ಚಿನ್ನ ಸಿಕ್ಕಿತು. ಗಣಿ ನಿಂತಿದ್ದು 1989ರಲ್ಲಿ. 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಚಿನ್ನದ ಆಸೆಗೆ ಅಗೆದು ಅಗೆದು ಒಂದು ಬೆಟ್ಟದ ತುದಿಯೇ ಇಬ್ಭಾಗವಾಗಿದೆ. ಸುರಂಗದಲ್ಲಿ ನೀರೆತ್ತಲು ಊರು-ಮನೆ ಇಲ್ಲದವರನ್ನು ಎಡೋದಿಂದ, ಅಂದರೆ ಇಂದಿನ ಟೋಕಿಯೊದಿಂದ, ಹಿಡಿದು ತರುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಸುಮಾರು 1500 ಕೊರಿಯನ್ನರನ್ನು ಇಲ್ಲಿ ದುಡಿಸಿದರು. ಪಟ್ಟಿಗೆ ಸೇರಿಸುವಾಗ ಇದೇ ಜಗಳವಾಯಿತು. ಬರೀ ಚಿನ್ನದ ಹೊಳಪು ನೋಡಿ ಬಂದರೆ ಗಣಿ ನೋಡಿದ ಹಾಗಾಗುವುದಿಲ್ಲ. ಇದನ್ನು ನಾನು ನಿಮ್ಮ ಯಜಮಾನರಿಗೆ ಹೇಳಬೇಕೇ?

ಕೆಜಿಎಫ್‌ನಲ್ಲಿ ಇಳಿದಷ್ಟೂ ಸೆಕೆ. ಇಲ್ಲಿನ ಸುರಂಗದಲ್ಲಿ ವರ್ಷವಿಡೀ ಸುಮಾರು 10 ಡಿಗ್ರಿ. ಸ್ವೆಟರ್ ಮರೆಯಬೇಡಿ.

ಹೊರಗೆ ಗದ್ದೆಯಲ್ಲಿ ಟೋಕಿ ಕಾಣಬಹುದು. ಗುಲಾಬಿ ಛಾಯೆಯ ರೆಕ್ಕೆ, ಕೆಂಪು ಮುಖ. ಜಪಾನಿನಲ್ಲೇ ಹುಟ್ಟಿದ ಕೊನೆಯ ಟೋಕಿ 2003ರಲ್ಲಿ ಸತ್ತಿತು. ಚೀನಾ ಕೊಟ್ಟ ಜೋಡಿಯಿಂದ ಮರಿ ಬೆಳೆಸಿ 2008ರಲ್ಲಿ ಇಲ್ಲಿ ಹಾರಿಬಿಟ್ಟರು. ಅದಕ್ಕೆ ಕಪ್ಪೆ, ಹುಳ ಸಿಗಲಿ ಅಂತ ರೈತರು ಗದ್ದೆಗೆ ಔಷಧಿ ಕಮ್ಮಿ ಮಾಡಿದ್ದಾರೆ. ಆ ಅಕ್ಕಿಯ ಬೆಲೆ ಜಾಸ್ತಿ, ಆದರೂ ಒಂದು ಕಿಲೋ ತನ್ನಿ.

ಪ್ರಶ್ನೆ: ಜಪಾನಿನ ಸಾಂಜೊ ಊರಿನ ಚಾಕು ವಿಮಾನದಲ್ಲಿ ತರಬಹುದಾ?
– ಧಾರವಾಡದ ಓದುಗರು

ಉತ್ತರ: ತರಬಹುದು, ಚೆಕ್-ಇನ್ ಪೆಟ್ಟಿಗೆಯಲ್ಲಿ ಮಾತ್ರ. ಸ್ಟೇನ್‌ಲೆಸ್ ಅಲ್ಲದಿದ್ದರೆ ತೊಳೆದ ಕೂಡಲೇ ಒರೆಸಿಡಿ, ತುಕ್ಕು ಹಿಡಿಯುತ್ತದೆ. ನನ್ನ ಮೊದಲ ಚಾಕುವಿಗೆ ತುಕ್ಕು ಹಿಡಿಯುವ ಭಾಗ್ಯವೂ ಇರಲಿಲ್ಲ. ಕೈಚೀಲದಲ್ಲಿ ಇಟ್ಟುಕೊಂಡಿದ್ದೆ, ತಪಾಸಣೆಯಲ್ಲೇ ಬಿಟ್ಟು ಬಂದೆ.