ಚಿಲಕ ಯಾವ ಕಡೆ ಇದೆ?

ಪತ್ರ: ನನ್ನ ಮಗಳು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಂದು ಸರ್ಕಾರಿ ಶಾಲೆಯ ವಿಶೇಷ ಮಕ್ಕಳ ತರಗತಿಯಲ್ಲಿ ಸಹಾಯಕಿ. ಮಕ್ಕಳು ಕಚ್ಚುತ್ತಾರೆ, ಕುರ್ಚಿ ಎಸೆಯುತ್ತಾರೆ. ಆದರೂ ಒತ್ತಿ ಹಿಡಿಯಬಾರದು, ಕೋಣೆಯಲ್ಲಿ ಕೂಡಿಹಾಕಬಾರದು ಅಂತ ಕಾನೂನು. ಇದು ಶಿಕ್ಷಕರ ಕೈ ಕಟ್ಟಿದ ಹಾಗಲ್ಲವೇ? ನಾನೂ 32 ವರ್ಷ ಪಾಠ ಹೇಳಿದವನು.
– ನಿವೃತ್ತ ಮುಖ್ಯೋಪಾಧ್ಯಾಯರು, ತೀರ್ಥಹಳ್ಳಿ

ಮೇಷ್ಟ್ರೇ, ಮೊದಲು ಹೇಳಿ, ಮಗಳ ಕೈ ಹೇಗಿದೆ? ಕಚ್ಚಿಸಿಕೊಂಡು ಮನೆಗೆ ಬರುವ ಕೆಲಸ ಸುಲಭದ್ದಲ್ಲ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿನ ಕಾನೂನು ಕೈಯನ್ನು ಪೂರ್ತಿ ಕಟ್ಟಿಲ್ಲ. ಯಾರಿಗಾದರೂ ಆ ಕ್ಷಣಕ್ಕೆ ಪೆಟ್ಟಾಗುವ ಅಪಾಯ ಇದ್ದರೆ ಹಿಡಿಯಬಹುದು. ಬೋರಲು ಕೆಡವಿ ಒತ್ತಿ ಹಿಡಿಯುವುದು, ಕೋಣೆಗೆ ಬೀಗ ಹಾಕುವುದು ಬೇಡ ಅಂತ 2021ರ ಕಾನೂನು ಹೇಳುತ್ತದೆ. ಇಷ್ಟಕ್ಕೂ ಅದು ಯಾಕೆ ಬಂತು ಅಂತ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಮೇಷ್ಟ್ರಾದವರು ಹಿಂದಿನ ಪಾಠ ಬಿಟ್ಟು ಮುಂದಕ್ಕೆ ಹೋಗಬಹುದೇ?

2019ರ ನವೆಂಬರ್‌ನಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆ ಮತ್ತು ಪ್ರೊಪಬ್ಲಿಕಾ ಅನ್ನುವ ತನಿಖಾ ಸುದ್ದಿಸಂಸ್ಥೆಯ ಪತ್ರಕರ್ತರು ಆ ರಾಜ್ಯದ ಶಾಲೆಗಳ ದಾಖಲೆಗಳನ್ನೇ ತೆಗೆಸಿ ಓದಿ ವರದಿ ಬರೆದರು. ಒಂದೂಕಾಲು ವರ್ಷದಲ್ಲಿ 20,000ಕ್ಕೂ ಜಾಸ್ತಿ ಸಲ ಮಕ್ಕಳನ್ನು ಕೂಡಿಹಾಕಿದ್ದರು. ಕಾರಣ ಬರೆದಿಟ್ಟ ಪ್ರಕರಣಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಅಪಾಯದ ಮಾತೇ ಇಲ್ಲ. ಹಾಲು ಚೆಲ್ಲಿದ್ದಕ್ಕೆ. ಬೈದದ್ದಕ್ಕೆ. ಕ್ಲಾಸಿನ ಕೆಲಸ ಮಾಡಲ್ಲ ಅಂದದ್ದಕ್ಕೆ. ಇನ್ನೂ ಒಂದು ವಿಷಯವಿದೆ. ಬಾಗಿಲ ಹೊರಗೆ ಕೂತ ಸಿಬ್ಬಂದಿ, ಒಳಗಿನ ಮಗು ಏನೇನು ಕೂಗಿತು, ಹೇಗೆ ಅತ್ತಿತು ಅಂತ ನಿಮಿಷ ನಿಮಿಷಕ್ಕೂ ಬರೆದಿಟ್ಟಿದ್ದರು. ಅಕ್ಷರ ಕಲಿತದ್ದು ಅದಕ್ಕಾ ಅನ್ನಿಸುತ್ತದೆ. ವರದಿ ಬಂದ ಮರುದಿನವೇ ರಾಜ್ಯ ಸರ್ಕಾರ ತುರ್ತು ನಿಯಮ ಹೊರಡಿಸಿತು.

ಆ ಕೋಣೆಗಳಿಗೆ ಇಟ್ಟಿದ್ದ ಹೆಸರು ಕೇಳಿ: ಶಾಂತಿಯ ಕೋಣೆ, ತಣ್ಣಗಾಗುವ ಕೋಣೆ, ಚಿಂತನೆಯ ಕೋಣೆ! ನನ್ನ ಜಗಳ ಇರುವುದೇ ಇಲ್ಲಿ. ಮೂವತ್ತು ವರ್ಷ ಬೇರೆಯವರ ವಾಕ್ಯ ತಿದ್ದಿದವನು ನಾನು. ಮೆತ್ತಗಿನ ಹೆಸರು ಕಂಡರೆ ಒಳಗೆ ಏನೋ ಗಟ್ಟಿಯಾದದ್ದಿದೆ ಅಂತ ಅನುಮಾನ. ನಮ್ಮಲ್ಲೂ ಅಷ್ಟೇ. ಅಂಗವಿಕಲ ಹೋಗಿ ವಿಕಲಚೇತನ ಆಯಿತು, ಆಮೇಲೆ ವಿಶೇಷಚೇತನ, ದಿವ್ಯಾಂಗ. ನಮ್ಮ ಆಫೀಸಿನ ಪಕ್ಕದ ಶಾಲೆಯಲ್ಲಿ ಗಾಲಿಕುರ್ಚಿಗೆ ಅಂತ ಕಟ್ಟಿದ ಇಳಿಜಾರಿನ ತುದಿಗೆ ಎರಡು ಕ್ರೋಟನ್ ಕುಂಡ ಇಟ್ಟಿದ್ದಾರೆ. ನೋಡಲು ಚೆನ್ನಾಗಿದೆ, ಹತ್ತಲು ಆಗಲ್ಲ.

ನಮ್ಮ ಹಳೇ ಕೂಲಿಮಠದ ಅಯ್ಯನೋರು ಒಂದು ರೀತಿಯಲ್ಲಿ ವಾಸಿ. ಹುಡುಗನನ್ನು ಹಗ್ಗಕ್ಕೆ ಜೋತುಬಿಟ್ಟರೆ ಅದನ್ನು ಕೋದಂಡ ಅಂತಲೇ ಕರೆಯುತ್ತಿದ್ದರು, ಯೋಗಾಸನ ಅನ್ನುತ್ತಿರಲಿಲ್ಲ.

ನನ್ನದೂ ಒಂದಿದೆ. ಆರನೇ ಕ್ಲಾಸಿನಲ್ಲಿ ನಾನು ಲೀಡರ್. ಉಪ್ಪಿಟ್ಟಿನ ಸೌದೆ ಇಡುವ ಕೋಣೆ ಶಾಲೆಯ ಹಿಂದಿತ್ತು. ಮಾತು ಸರಿಯಾಗಿ ಬಾರದ ಒಬ್ಬ ಹುಡುಗ ಸುಮ್ನೆ ಕೂರುತ್ತಿರಲಿಲ್ಲ. ಅವನನ್ನು ಅಲ್ಲಿ ಕೂರಿಸಿ ಚಿಲಕ ಹಾಕಿ ಬಾ ಅಂತ ಮೇಷ್ಟ್ರು ಕಳಿಸುತ್ತಿದ್ದದ್ದು ನನ್ನನ್ನೇ. ಒಳಗಿಂದ ಉಗುರಿನಲ್ಲಿ ಹಲಗೆ ಕೆರೆಯುತ್ತಿದ್ದ. ಎರಡು ಪೀರಿಯಡ್ ಆದ ಮೇಲೆ ತೆಗೆದರೆ ಮೈಯೆಲ್ಲ ಸೌದೆಯ ಪುಡಿ, ಬಾಯಲ್ಲಿ ಮಾತಿಲ್ಲ. 'ನೋಡಿದ್ಯಾ, ಬುದ್ಧಿ ಬಂತು' ಅನ್ನುತ್ತಿದ್ದರು ಮೇಷ್ಟ್ರು. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲೇ ಇಲ್ಲ. ಹಾಜರಿ ಕೂಗುವಾಗ 'ಬಂದಿಲ್ಲ ಸಾರ್' ಅಂದವನೂ ನಾನೇ.

ಜಾರ್ಜಿಯಾ ರಾಜ್ಯದಲ್ಲಿ 2004ರಲ್ಲಿ 13 ವರ್ಷದ ಹುಡುಗನೊಬ್ಬ ಇಂಥ ಕೋಣೆಯಲ್ಲೇ ನೇಣು ಹಾಕಿಕೊಂಡ. ಚಡ್ಡಿ ಜಾರದಿರಲಿ ಅಂತ ಶಾಲೆಯವರೇ ಕೊಟ್ಟ ದಾರದಿಂದ. ಆ ರಾಜ್ಯ ಕೂಡಿಹಾಕುವುದನ್ನು ನಿಲ್ಲಿಸಿದ್ದು 2010ರಲ್ಲಿ. ಇಡೀ ದೇಶಕ್ಕೆ ಒಂದೇ ಕಾನೂನು ಬರಲಿ ಅಂತ ಅದೇ ವರ್ಷ ಅಲ್ಲಿನ ಕೆಳಮನೆ ಮಸೂದೆ ಒಪ್ಪಿತು, ಮೇಲ್ಮನೆಯಲ್ಲಿ ಅದು ಮುಂದೆ ಹೋಗಲಿಲ್ಲ. ಆಮೇಲೂ ಎಷ್ಟೋ ಸಲ ಮಂಡಿಸಿದರು. 2017-18ರ ಅವರ ಸರ್ಕಾರಿ ಲೆಕ್ಕದಲ್ಲಿ, ಒತ್ತಿ ಹಿಡಿಸಿಕೊಂಡ 100 ಮಕ್ಕಳಲ್ಲಿ 80 ಮಕ್ಕಳಿಗೆ ಅಂಗವೈಕಲ್ಯ ಇತ್ತು. ಶಾಲೆಗಳಲ್ಲಿ ಅಂಥ ಮಕ್ಕಳಿರುವುದು 100ಕ್ಕೆ 13. ಅದೂ ಶಾಲೆಗಳು ಒಪ್ಪಿಕೊಂಡಷ್ಟು ಮಾತ್ರ. 10ರಲ್ಲಿ 7 ಶಾಲಾ ಜಿಲ್ಲೆಗಳು (ಅಲ್ಲಿ ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಒಂದು ವರ್ಷ ಸೊನ್ನೆ ಅಂತ ಬರೆದು ಕಳಿಸಿದ್ದವು.

ಹಾಗಾದರೆ ಮಗಳು ಕಚ್ಚಿಸಿಕೊಳ್ಳಬೇಕಾ ಅಂತೀರಿ. ಬೇಡ. ವರ್ಜೀನಿಯಾದಲ್ಲಿ ಗ್ರಾಫ್ಟನ್ ಅನ್ನುವ ಸಂಸ್ಥೆಯವರು ಮೆತ್ತನೆಯ ದಪ್ಪ ಪ್ಯಾಡುಗಳನ್ನು ಸಿಬ್ಬಂದಿಯ ಕೈಗೆ ಕೊಟ್ಟರು. ಮಗು ಹೊಡೆಯಲು ಬಂದರೆ ಅದನ್ನು ಅಡ್ಡ ಹಿಡಿಯುವುದು, ಮಗುವನ್ನು ಹಿಡಿಯುವುದಲ್ಲ. ಜೊತೆಗೆ ಸಿಟ್ಟು ಎಲ್ಲಿಂದ ಏಳುತ್ತದೆ ಅಂತ ಮೊದಲೇ ಗಮನಿಸುವ ತರಬೇತಿ. ಹಿಡಿದು ಒತ್ತುವುದು ಅಲ್ಲಿ ಹೆಚ್ಚುಕಡಿಮೆ ನಿಂತೇ ಹೋಯಿತು. ಆದರೆ ಇದಕ್ಕೆ ಜನ ಬೇಕು, ದುಡ್ಡು ಬೇಕು. ಚಿಲಕಕ್ಕೆ ಎಷ್ಟಾಗುತ್ತೆ ಹೇಳಿ? ನೀವು ಜಗಳ ಆಡಬೇಕಾದ್ದು ದುಡ್ಡಿನ ಚೀಲ ಹಿಡಿದವರ ಹತ್ತಿರ, ಕಾನೂನಿನ ಹತ್ತಿರ ಅಲ್ಲ.

ನಮ್ಮಲ್ಲೂ ಮಗುವನ್ನು ಕ್ಲಾಸಿನಲ್ಲೋ ಲೈಬ್ರರಿಯಲ್ಲೋ ಶೌಚಾಲಯದಲ್ಲೋ ಕೂಡಿಹಾಕುವುದೂ ದೈಹಿಕ ಶಿಕ್ಷೆಯೇ ಅಂತ ರಾಷ್ಟ್ರೀಯ ಮಕ್ಕಳ ಹಕ್ಕು ಆಯೋಗದ ಮಾರ್ಗಸೂಚಿ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆಸ್ಪತ್ರೆಯಲ್ಲೂ ರೋಗಿಯನ್ನು ಒಂಟಿಯಾಗಿ ಕೂಡಿಹಾಕಬಾರದು ಅನ್ನುತ್ತದೆ. ನಿಮ್ಮ ಸೇವಾವಧಿಯಲ್ಲಿ ಇವನ್ನು ಯಾರಾದರೂ ಓದಿ ಹೇಳಿದ್ದರಾ? ನನಗಂತೂ ಯಾವ ಮೇಷ್ಟ್ರೂ ಹೇಳಿಲ್ಲ.

ಮಗಳಿಗೆ ಫೋನ್ ಮಾಡಿದಾಗ ಎರಡು ವಿಷಯ ಕೇಳಿ. ಅವರ ಕೈಗೆ ಪ್ಯಾಡು ಕೊಟ್ಟಿದ್ದಾರಾ? ಆ ಶಾಂತಿಯ ಕೋಣೆ ಇನ್ನೂ ಇದ್ದರೆ, ಚಿಲಕ ಯಾವ ಕಡೆ ಇದೆ? ಉತ್ತರ ಬಂದ ಮೇಲೆ ಇನ್ನೊಂದು ಕಾಗದ ಹಾಕಿ. ಜಾಗ ಇಟ್ಟಿರುತ್ತೇನೆ.

– ಸಂಪಾದಕ